ನೆರಳು ಯಾರದು, ಹೊಣೆ ಯಾರದು?

ಒಬ್ಬನೇ ನಡೆಯುವವನಿಗೆ ದಾರಿಯೂ ತನ್ನದು, ದಣಿವೂ ತನ್ನದು. ಹತ್ತು ಜನರೊಡನೆ ನಡೆಯುವವನಿಗೆ ದಣಿವು ಕಡಿಮೆ. ಆದರೆ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಅವನೊಬ್ಬನೇ ನಿರ್ಧರಿಸಲಾರ. ಅಂಗಡಿಕಾರರು, ವೈದ್ಯರು, ವಕೀಲರು ಮೊದಲಾಗಿ ಸ್ವಂತ ದುಡಿಮೆಯನ್ನು ನಂಬಿದ ಎಲ್ಲರಿಗೂ ಬದುಕಿನಲ್ಲಿ ಒಮ್ಮೆಯಾದರೂ ಎದುರಾಗುವ ಸಂದಿಗ್ಧವಿದು. ಆದರೆ ಪರರ ಹಣಕ್ಕೆ ದಾರಿ ತೋರಿಸುವ ವೃತ್ತಿಯವರಿಗೆ ಇದು ಎದುರಾದಾಗ ಅದು ಅವರೊಬ್ಬರ ಸಂದಿಗ್ಧವಾಗಿ ಉಳಿಯುವುದಿಲ್ಲ. ಮಕ್ಕಳ ಓದಿಗೆ, ಮದುವೆಗೆ, ಮುಪ್ಪಿನ ಕಾಲಕ್ಕೆ ಎಂದು ಅವರ ಮಾತನ್ನು ನಂಬಿ ಕಾಸು ಕೂಡಿಡುವ ನೂರಾರು ಮನೆಗಳೂ ಅದರಲ್ಲಿ ಪಾಲುಗೊಳ್ಳುತ್ತವೆ. ಇಂತಹ ಸಂದಿಗ್ಧವೊಂದು ಕಳೆದ ವರ್ಷ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತಿತು. ಆಗ ನಾವು ದಂಪತಿಗಳು ಕಂಡುದನ್ನು, ಕೇಳಿದುದನ್ನು, ವಿಚಾರ ಮಾಡಿದುದನ್ನು ಸಹೃದಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಬಾಗಳಿ. ಕಲ್ಲೇಶ್ವರ ದೇವಾಲಯದಿಂದಾಗಿ ಊರಿನ ಹೆಸರು ಶಿಲ್ಪಕಲೆಯ ಅಭ್ಯಾಸಿಗಳಿಗೆ ಚಿರಪರಿಚಿತ. 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಸೇರಿದ ನಮ್ಮ ತಾಲ್ಲೂಕು ಮುಂದೆ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಮೇಲಿನ ಕಚೇರಿಯ ಫಲಕ ಎಷ್ಟು ಸಲ ಬದಲಾದರೂ ಊರಿನವರು ಕಷ್ಟಕ್ಕೆ ಹುಡುಕಿಕೊಂಡು ಬರುವ ಮನೆಗಳು ಬದಲಾಗಲಿಲ್ಲ. ಅಂತಹ ಮನೆಗಳಲ್ಲಿ ನಮ್ಮದೂ ಒಂದಾಗಿದ್ದರೆ ಅದಕ್ಕೆ ಕಾರಣ ನಮ್ಮ ಮಗ. ಅವನು ಹನ್ನೆರಡು ವರ್ಷಗಳಿಂದ ಜೀವವಿಮಾ ನಿಗಮದ ಏಜೆಂಟ್. ಎಂಟು ವರ್ಷಗಳಿಂದ ಮ್ಯೂಚುಯಲ್ ಫಂಡ್ ವಿತರಕನೂ ಹೌದು. ಬಾಗಳಿಯೂ ಸುತ್ತಲಿನ ಹಳ್ಳಿಗಳೂ ಸೇರಿ ಇನ್ನೂರರ ಸಮೀಪ ಮನೆಗಳು ಅವನ ವಹಿಯಲ್ಲಿವೆ. ಅವರಲ್ಲಿ ಹೆಚ್ಚಿನವರು ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ರೈತರು. ಉಳಿದವರು ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಿರಾಣಿ ಅಂಗಡಿಯವರು.

ನಗರದ ದೊಡ್ಡ ಸಂಸ್ಥೆಯೊಂದರಿಂದ ಅವನಿಗೆ ಕರೆ ಬಂದಿತು. ತಮ್ಮ ಆಶ್ರಯದಲ್ಲಿ ಕೆಲಸ ಮಾಡಿದರೆ ಹರಪನಹಳ್ಳಿಯಲ್ಲಿ ಕಚೇರಿ, ಗಣಕಯಂತ್ರ, ಲೆಕ್ಕಪತ್ರಕ್ಕೆ ಒಬ್ಬರು ನೌಕರರು, ವರ್ಷಕ್ಕೆರಡು ಬಾರಿ ತರಬೇತಿ, ನಿಯಮಗಳು ಬದಲಾದಾಗ ತಿಳಿಸಿ ಹೇಳುವ ವ್ಯವಸ್ಥೆ ಎಲ್ಲವನ್ನೂ ಒದಗಿಸುವುದಾಗಿ ಅವರು ಹೇಳಿದರು. ಬರುವ ಕಮಿಷನ್ನಿನಲ್ಲಿ ನೂರಕ್ಕೆ ಎಪ್ಪತ್ತು ಅವನಿಗೆ, ಮೂವತ್ತು ಸಂಸ್ಥೆಗೆ. "ಅಪ್ಪಾಜಿ, ನಾನು ಒಬ್ಬನೇ ಎಷ್ಟು ದಿನ ಓಡಾಡಲಿ? ಇಂದಲ್ಲ ನಾಳೆ ಯಾರದಾದರೂ ಆಸರೆ ಬೇಕೇ ಬೇಕಲ್ಲವೇ?" ಎಂದು ಅವನು ಕೇಳಿದ. ಆ ಮಾತಿನಲ್ಲಿ ಆಸೆಗಿಂತ ಆಯಾಸವೇ ಹೆಚ್ಚಾಗಿತ್ತು.

ಆಯಾಸಕ್ಕೆ ಕಾರಣವಿತ್ತು. ಅದರ ಹಿಂದಿನ ಮಳೆಗಾಲದಲ್ಲಿ ಅವನು ಬೈಕಿನಿಂದ ಬಿದ್ದು, ಕಾಲುಮೂಳೆ ಮುರಿದು, ಒಂಬತ್ತು ವಾರ ಹಾಸಿಗೆ ಹಿಡಿದಿದ್ದ. ವಿಮೆಯ ಕಂತು ಯಾರ ನೋವಿಗೂ ಕಾಯುವುದಿಲ್ಲ. ವಾರ್ಷಿಕ, ಅರ್ಧವಾರ್ಷಿಕ, ತ್ರೈಮಾಸಿಕ ಕಂತುಗಳಿಗೆ ಸಾಮಾನ್ಯವಾಗಿ ಮೂವತ್ತು ದಿನ, ಮಾಸಿಕ ಕಂತಿಗೆ ಹದಿನೈದು ದಿನ ಗಡುವಿನ ಮೇಲೆ ಅವಕಾಶವುಂಟು. ಅದು ಮೀರಿದರೆ ಪಾಲಿಸಿ ನಿಂತುಹೋಗುತ್ತದೆ. ಹಳ್ಳಿಯ ಮನೆಗಳಲ್ಲಿ ಕಂತಿನ ದಿನಾಂಕವನ್ನು ನೆನಪಿಡುವವನು ಏಜೆಂಟನೇ. ಅವನೇ ಮಲಗಿದರೆ ನೆನಪಿಸುವವರು ಯಾರು? ಆಗ ನಮ್ಮ ಸೊಸೆ ವಹಿಯನ್ನು ಮುಂದಿಟ್ಟುಕೊಂಡು ದಿನಕ್ಕೆ ಹತ್ತು ಮನೆಯಂತೆ ಫೋನು ಮಾಡಿದಳು. ಫೋನು ಸಿಗದ ಮನೆಗಳಿಗೆ ನಮ್ಮಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿಬಂದಳು. ಹಾಗೆ ಕೊನೆಯ ವಾರದಲ್ಲಿ ಕಂತು ತುಂಬಿಸಿದ ಮನೆಗಳಲ್ಲಿ ಒಂದರ ಯಜಮಾನರು ಅದೇ ಮಾಘ ಮಾಸದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಪಾಲಿಸಿ ಜೀವಂತವಾಗಿತ್ತು, ನಾಮನಿರ್ದೇಶನವೂ ಸರಿಯಾಗಿತ್ತು. ಮರಣ ಪ್ರಮಾಣಪತ್ರ, ಪಾಲಿಸಿ ಬಾಂಡು, ಕ್ಲೇಮಿನ ಅರ್ಜಿ ಕೊಟ್ಟ ಮೇಲೆ ಆ ತಾಯಿಯ ಖಾತೆಗೆ ಹಣ ಜಮೆಯಾಯಿತು. ಒಂದು ವಾರ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಆದ್ದರಿಂದ ಆಸರೆ ಬೇಡವೆಂದು ನಾವು ಒಮ್ಮೆಲೇ ಹೇಳುವಂತಿರಲಿಲ್ಲ. ಒಬ್ಬನೇ ಮನುಷ್ಯನ ಕಾಲಿನ ಮೇಲೆ ಇನ್ನೂರು ಮನೆಗಳ ಭದ್ರತೆಯನ್ನು ನಿಲ್ಲಿಸುವುದು ಸ್ವಾವಲಂಬನೆಯೆನಿಸದು, ಅದು ಅಪಾಯ. ಹಾಗೆಂದು ಬಂದ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಮಾಡುವುದೂ ವಿವೇಕವೆನಿಸದು. ಮೊದಲು ಈ ವೃತ್ತಿಯ ಒಳಗು ಏನೆಂಬುದನ್ನು ಅರಿಯಲು ನಾವು ಪ್ರಯತ್ನಿಸಿದೆವು.

ಒಂದು ಕಾಲದಲ್ಲಿ ಈ ಆಯ್ಕೆಯೇ ಇರಲಿಲ್ಲ. 1956ರ ಸೆಪ್ಟೆಂಬರ್ 1ರಂದು ದೇಶದ 245 ವಿಮಾ ಸಂಸ್ಥೆಗಳನ್ನೂ ಭವಿಷ್ಯ ನಿಧಿ ಸಂಘಗಳನ್ನೂ ಒಂದುಗೂಡಿಸಿ ಭಾರತೀಯ ಜೀವವಿಮಾ ನಿಗಮವನ್ನು ಸ್ಥಾಪಿಸಲಾಯಿತು. ಅಂದಿನಿಂದ ನಾಲ್ಕು ದಶಕಗಳಿಗೂ ಮೀರಿ ಹಳ್ಳಿಯ ಏಜೆಂಟನಿಗೆ ನಿಗಮವೊಂದೇ ನೆರಳು. 1999ರ ಕಾಯಿದೆಯ ನಂತರ 2000ದಿಂದ ಖಾಸಗಿ ಸಂಸ್ಥೆಗಳು ಬಂದವು. ಹಾಗೆ ಬಂದರೂ ಕಾನೂನಿನಂತೆ ಒಬ್ಬ ಏಜೆಂಟ್ ಒಂದು ಜೀವವಿಮಾ ಸಂಸ್ಥೆಗೆ ಮಾತ್ರ ದುಡಿಯಬಹುದು. ಎರಡರದನ್ನು ಒಟ್ಟಿಗೆ ಮಾರುವಂತಿಲ್ಲ. ಹೀಗಾಗಿ ವಿಮಾ ಏಜೆಂಟನ ಸ್ವಾತಂತ್ರ್ಯಕ್ಕೆ ಮೊದಲಿನಿಂದಲೂ ಒಂದು ಮಿತಿಯಿದೆ. ಆ ಮಿತಿಗೆ ಪ್ರತಿಯಾಗಿ ನಿಗಮವು ಅವನಿಗೆ ಕೊಟ್ಟ ಭರವಸೆಯೂ ಇದೆ. ನಿಗದಿತ ಅವಧಿ ಸೇವೆ ಸಲ್ಲಿಸಿ ನಿಬಂಧನೆಗಳನ್ನು ಪೂರೈಸಿದ ಏಜೆಂಟ್ ತೀರಿಕೊಂಡರೆ ಅವನು ಮಾಡಿಸಿದ ಪಾಲಿಸಿಗಳ ಮುಂದಿನ ಕಮಿಷನ್ ಅವನ ವಾರಸುದಾರರಿಗೆ ಸಲ್ಲುತ್ತದೆ. ಅದೆಷ್ಟೋ ಏಜೆಂಟರ ಮಡದಿಯರು ಈ ಹಣದಿಂದ ಮಕ್ಕಳನ್ನು ಓದಿಸಿದ್ದಾರೆ.

ಮ್ಯೂಚುಯಲ್ ಫಂಡಿನ ವ್ಯವಸ್ಥೆ ಬೇರೆ. ಅಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣನಾದ ವಿತರಕನಿಗೆ ಫಂಡುಗಳ ಸಂಘವಾದ ಆಂಫಿಯು ಎ.ಆರ್.ಎನ್. ಎಂಬ ನೋಂದಣಿ ಸಂಖ್ಯೆಯನ್ನು ಕೊಡುತ್ತದೆ. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಆ ಸಂಖ್ಯೆಯುಳ್ಳವನು ತಾನು ಬಯಸಿದ ಎಷ್ಟು ಫಂಡುಗಳೊಡನೆಯಾದರೂ ವ್ಯವಹರಿಸಬಹುದು. ಹಿಂದೆ ಈಕ್ವಿಟಿ ಯೋಜನೆಗಳಲ್ಲಿ ಗ್ರಾಹಕನು ಹೂಡಿದ ನೂರು ರೂಪಾಯಿಗೆ ಎರಡೂಕಾಲು ರೂಪಾಯಿಯವರೆಗೆ ಮೊದಲೇ ಮುರಿದುಕೊಳ್ಳುವ ಪದ್ಧತಿಯಿತ್ತು. 2009ರ ಆಗಸ್ಟ್ 1ರಿಂದ ಸೆಬಿಯು ಅದನ್ನು ನಿಲ್ಲಿಸಿತು. ಗ್ರಾಹಕನಿಗೆ ಇದು ಒಳ್ಳೆಯದೇ ಆಯಿತು. ಆದರೆ ಸಣ್ಣ ಊರುಗಳ ಅನೇಕ ವಿತರಕರು ಈ ಕೆಲಸವನ್ನೇ ಬಿಟ್ಟರು; ಉಳಿದವರಿಗೆ ಹೂಡಿಕೆ ಇರುವಷ್ಟು ಕಾಲ ವರ್ಷವರ್ಷವೂ ಬರುವ ಸಣ್ಣ ಕಮಿಷನ್ನೇ ಆಧಾರವಾಯಿತು. ನಮ್ಮ ಮಗನ ಲೆಕ್ಕದಲ್ಲಿ ಲಕ್ಷ ರೂಪಾಯಿ ಹೂಡಿಕೆಗೆ ವರ್ಷಕ್ಕೆ ಸುಮಾರು ಏಳುನೂರು ರೂಪಾಯಿ. ರೈತರ ಸಣ್ಣ ಹೂಡಿಕೆಗಳಿಂದ ಒಂದು ಸಂಸಾರ ನಡೆಯಬೇಕಾದರೆ ಎಷ್ಟು ಮನೆಗಳು ಬೇಕೆಂಬುದನ್ನು ಓದುಗರೇ ಊಹಿಸಬಹುದು. ಆಸರೆ ಕೊಡುವ ಸಂಸ್ಥೆಗಳು ಬೆಳೆಯಲು ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಇನ್ನು ಸಂಸ್ಥೆಯ ಆಶ್ರಯವೆಂದರೇನು? ಹೂಡಿಕೆಯ ಅರ್ಜಿಯ ಮೇಲ್ಭಾಗದಲ್ಲಿ ಚೌಕಗಳಿರುತ್ತವೆ. ಒಂದು ಚೌಕದಲ್ಲಿ ವಿತರಕರ ಸಂಖ್ಯೆ, ಪಕ್ಕದ ಚೌಕದಲ್ಲಿ ಉಪವಿತರಕರ ಸಂಖ್ಯೆ. ಸ್ವತಂತ್ರನಾದವನ ಸಂಖ್ಯೆ ಮೊದಲಿನದರಲ್ಲಿ. ಆಶ್ರಯಕ್ಕೆ ಸೇರಿದ ದಿನದಿಂದ ಅಲ್ಲಿ ಸಂಸ್ಥೆಯ ಸಂಖ್ಯೆ ಬರುತ್ತದೆ. ಅವನದು ಪಕ್ಕಕ್ಕೆ ಸರಿಯುತ್ತದೆ. ಫಂಡಿನವರು ಕಮಿಷನ್ನನ್ನು ಸಂಸ್ಥೆಗೆ ಕೊಡುತ್ತಾರೆ. ಸಂಸ್ಥೆಯು ಅವನ ಪಾಲನ್ನು ಅವನಿಗೆ ಕೊಡುತ್ತದೆ. ಒಂದು ಅಂಗುಲ ದೂರದ ಈ ಸ್ಥಾನಪಲ್ಲಟವನ್ನು ಹೂಡಿಕೆ ಮಾಡುವ ರೈತನು ಗಮನಿಸುವುದೂ ಇಲ್ಲ. ಆದರೆ ದಾಖಲೆಯ ಪ್ರಕಾರ ಅವನು ಆ ದಿನದಿಂದ ಸಂಸ್ಥೆಯ ಗ್ರಾಹಕ.

ಈ ಕಾಗದಗಳನ್ನೆಲ್ಲ ಓದಿದ ಮೇಲೆ ನಮ್ಮ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಯಿತು. ಕಷ್ಟ ಬಂದಾಗ ಜನರು ಯಾರ ಮನೆಯ ಬಾಗಿಲು ಬಡಿಯುತ್ತಾರೋ, ಹಣದ ಬಗೆಗೆ ಹೇಳುವ ಮಾತೂ ಅವರ ಕೈಯಲ್ಲೇ ಇರಬೇಕು. ಮಾತಿನ ಅಧಿಕಾರ ಒಬ್ಬರಲ್ಲಿ, ಹೊಣೆ ಇನ್ನೊಬ್ಬರಲ್ಲಿ ಉಳಿದರೆ ಅನ್ಯಾಯ ತಪ್ಪದು.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಆಂಧ್ರದಲ್ಲಿ ಹುಟ್ಟಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಏಜೆಂಟರ ಮೂಲಕ ಠೇವಣಿ ಸಂಗ್ರಹಿಸಿದ ಅಗ್ರಿಗೋಲ್ಡ್ ಎಂಬ ಸಂಸ್ಥೆಯು ಹಣ ಮರಳಿಸಲಾಗದೆ 2015ರ ಹೊತ್ತಿಗೆ ಕುಸಿದುಬಿತ್ತು. ಠೇವಣಿದಾರರ ಸಂಖ್ಯೆ ಸುಮಾರು 32 ಲಕ್ಷವೆಂದು ಪತ್ರಿಕೆಗಳು ವರದಿ ಮಾಡಿದವು. ಸಂಸ್ಥೆಯ ದೊಡ್ಡ ಕಚೇರಿ ಎಲ್ಲಿದೆ ಎಂಬುದು ಹಳ್ಳಿಯ ಠೇವಣಿದಾರನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದುದು ರಸೀದಿ ಕೊಟ್ಟ ಏಜೆಂಟನ ಮನೆ ಮಾತ್ರ. ಇಂತಹ ವೇಳೆಯಲ್ಲಿ ಬೀಗರು, ನೆಂಟರು, ಓಣಿಯವರು ಎಲ್ಲರೂ ಸಾಲಗಾರರಂತೆ ಬಂದು ನಿಲ್ಲುವುದು ಅವನ ಅಂಗಳದಲ್ಲಿಯೇ. ಸೆಬಿಯ ಅಥವಾ ವಿಮಾ ಪ್ರಾಧಿಕಾರದ ಅಂಕೆಯಲ್ಲಿರುವ ಸಂಸ್ಥೆಗಳನ್ನು ಅದರೊಡನೆ ಹೋಲಿಸುವುದು ತರವಲ್ಲ. ಅಂಕೆಯೊಳಗಿನ ಫಂಡಿನ ಹಣ ವಿತರಕನ ಕೈಗಾಗಲಿ, ಅವನ ಸಂಸ್ಥೆಯ ಕೈಗಾಗಲಿ ಹೋಗುವುದಿಲ್ಲ, ನೇರವಾಗಿ ಫಂಡಿಗೇ ಸೇರುತ್ತದೆ. ಆದರೂ ದೊಡ್ಡ ಹೆಸರಿನ ನೆರಳಿನಲ್ಲಿ ನಿಂತ ಮಾತ್ರಕ್ಕೆ ಹೊಣೆಯು ಹೆಗಲಿನಿಂದ ಇಳಿಯುವುದಿಲ್ಲ ಎಂಬ ಪಾಠ ಎಲ್ಲರಿಗೂ ಅನ್ವಯಿಸುತ್ತದೆ.

ಈ ದೃಷ್ಟಿಯಿಂದ ನಾವು ಮಗನಿಗೆ ಮೂರು ವಿಷಯಗಳನ್ನು ಸಂಸ್ಥೆಯವರಲ್ಲಿ ಕೇಳಿ ಬರುವಂತೆ ಹೇಳಿದೆವು.

ಮೊದಲನೆಯದು, ಯಾವ ಯೋಜನೆಯನ್ನು ಯಾರಿಗೆ ಹೇಳಬೇಕೆಂಬುದನ್ನು ನಿರ್ಧರಿಸುವವರು ಯಾರು? ನಮ್ಮ ಸೀಮೆಯ ರೈತನ ಕೈಗೆ ಹಣ ಬರುವುದು ತಿಂಗಳಿಗೊಮ್ಮೆಯಲ್ಲ. ಮುಂಗಾರಿನಲ್ಲಿ ಬಿತ್ತಿದ ಮೆಕ್ಕೆಜೋಳ ದಾವಣಗೆರೆಯ ಮಾರುಕಟ್ಟೆಗೆ ಹೋಗಿ ಪಟ್ಟಿಯ ಹಣ ಕೈಸೇರಿದಾಗಲೇ ಅವನು ಉಳಿತಾಯದ ಮಾತಾಡುವುದು. ಅದಕ್ಕೆ ತಕ್ಕಂತೆ ಸುಗ್ಗಿಯ ನಂತರಕ್ಕೆ ವಾರ್ಷಿಕ ಕಂತನ್ನು ಹೊಂದಿಸುವುದು ನಮ್ಮ ಮಗನ ಪದ್ಧತಿ. ಪ್ರತಿ ತಿಂಗಳೂ ಇಷ್ಟು ಹೊಸ ಮಾಸಿಕ ಹೂಡಿಕೆಗಳನ್ನು ತರಲೇಬೇಕೆಂಬ ಗುರಿಯನ್ನು ಸಂಸ್ಥೆ ಹೊರಿಸಿದರೆ ಆ ಪದ್ಧತಿ ಉಳಿಯುವುದೇ?

ಎರಡನೆಯದು, ಅವನು ಮತ್ತೆ ಕಾಯಿಲೆ ಬಿದ್ದರೆ ನಮ್ಮ ಜನರ ಕೆಲಸವನ್ನು ನೋಡುವವರು ಯಾರು? ಅವರು ಬಾಗಳಿಗೆ ಬರುವರೋ, ಜನರೇ ನಗರಕ್ಕೆ ಹೋಗಬೇಕೋ?

ಮೂರನೆಯದು, ಮುಂದೊಂದು ದಿನ ಅವನು ಸಂಸ್ಥೆಯನ್ನು ಬಿಟ್ಟರೆ ಆ ಮನೆಗಳು ಯಾರವು? ಸೆಬಿಯ 2009ರ ಸುತ್ತೋಲೆಯ ಪ್ರಕಾರ ಹೂಡಿಕೆದಾರನು ತನ್ನ ವಿತರಕರನ್ನು ಬದಲಿಸಲು ಹಳೆಯ ವಿತರಕರ ಒಪ್ಪಿಗೆ ಪತ್ರ ಬೇಕಿಲ್ಲ. ಗ್ರಾಹಕನಿಗೆ ಈ ಸ್ವಾತಂತ್ರ್ಯ ಸದಾ ಉಂಟು. ಆದರೆ ಸಂಸ್ಥೆಯೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ವಿತರಕನ ಕೈ ಕಟ್ಟಿರಬಹುದು.

ಮೊದಲ ಪ್ರಶ್ನೆಗೆ ಅವರು ಗುರಿಯನ್ನು ಸ್ವಲ್ಪ ಸಡಿಲಿಸಲು ಒಪ್ಪಿದರು. ಎರಡನೆಯದಕ್ಕೆ ತೃಪ್ತಿಕರವಾದ ಉತ್ತರವನ್ನೇ ಕೊಟ್ಟರು. ವಾರಕ್ಕೊಮ್ಮೆ ತಮ್ಮ ನೌಕರರನ್ನು ಊರಿಗೆ ಕಳಿಸುವುದಾಗಿ ಹೇಳಿದರು. ಮೂರನೆಯದರಲ್ಲಿ ಮಾತು ನಿಂತಿತು. ಬಿಟ್ಟುಹೋದ ಮೇಲೆ ಎರಡು ವರ್ಷಗಳ ಕಾಲ ಆ ಗ್ರಾಹಕರ ಬಳಿ ವ್ಯವಹಾರದ ಮಾತಾಡಕೂಡದು ಎಂಬ ಕಲಮನ್ನು ತೆಗೆಯಲು ಅವರು ಸಿದ್ಧರಿರಲಿಲ್ಲ. ಅವರ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಕಚೇರಿಗೆ ಹಣ ಸುರಿಯುವವರು ಅದನ್ನು ಕಾಪಾಡಿಕೊಳ್ಳಲು ಬಯಸುವುದು ಸಹಜ. ಆದರೆ ಜಾತ್ರೆ, ಮದುವೆ, ಮಣ್ಣು ಎಲ್ಲದರಲ್ಲೂ ದಿನನಿತ್ಯ ಎದುರಾಗುವ ಜನರು ಬಂದು "ತಮ್ಮಾ, ಈ ಕಾಗದ ಏನು ನೋಡು" ಎಂದಾಗ, "ಎರಡು ವರ್ಷ ನಾನು ನಿಮ್ಮೊಡನೆ ಮಾತಾಡುವಂತಿಲ್ಲ" ಎನ್ನುವುದು ಒಂದೇ ಊರಿನಲ್ಲಿ ಬಾಳುವವನಿಗೆ ಸಾಧ್ಯವೇ?

ಈ ಚರ್ಚೆಯ ನಡುವೆ ಸೊಸೆ ಆಡಿದ ಮಾತು ನಮ್ಮೆಲ್ಲರ ಕಣ್ಣು ತೆರೆಸಿತು. "ಅತ್ತೆಯವರೇ, ಅವರು ಕೊಡುತ್ತೇವೆ ಎನ್ನುವ ನೌಕರರ ಕೆಲಸವನ್ನು ನಾನು ಆಗಲೇ ಮಾಡುತ್ತಿದ್ದೇನಲ್ಲ. ನನ್ನ ಹೆಸರಿಗೆ ಒಂದು ಸಂಖ್ಯೆ ಇಲ್ಲ, ಅಷ್ಟೆ" ಎಂದಳು. ಎಷ್ಟು ನಿಜ! ನಮ್ಮ ಹಳ್ಳಿಗಳಲ್ಲಿ ಗಂಡನ ಹೆಸರಿನ ಏಜೆನ್ಸಿಯ ಅರ್ಧ ಕೆಲಸವನ್ನು ಹೆಂಡತಿ ಮಾಡುವ ಮನೆಗಳು ಬಹಳ. ವಹಿ ಬರೆಯುವವಳು ಅವಳು, ಕಂತು ನೆನಪಿಸುವವಳು ಅವಳು. ದಾಖಲೆಯಲ್ಲಿ ಮಾತ್ರ ಅವಳಿಲ್ಲ. ಕಲ್ಯಾಣದ ಶರಣರ ನಡುವೆ ಆಯ್ದಕ್ಕಿ ಲಕ್ಕಮ್ಮ ತನ್ನ ಪತಿ ಮಾರಯ್ಯನು ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಮರಳಿ ಚೆಲ್ಲಿ ಬರುವಂತೆ ಹೇಳಿದ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ದುಡಿಮೆಯ ಲೆಕ್ಕವನ್ನು ಹೆಂಡತಿಯೂ ನೋಡುತ್ತಿದ್ದರೆ ಹೆಚ್ಚಿನ ಕಮಿಷನ್ನಿನ ಆಸೆಗೆ ಬೇಡದ ಪಾಲಿಸಿಯನ್ನು ಬಡವನ ತಲೆಗೆ ಕಟ್ಟುವ ಕೈಯೂ ತಡೆದು ನಿಲ್ಲುತ್ತದೆ.

ಸೊಸೆ ಪರೀಕ್ಷೆಗೆ ಕುಳಿತಳು. ಮೊದಲ ಸಲ ಕೆಲವೇ ಅಂಕಗಳಿಂದ ತಪ್ಪಿತು. ಎರಡನೆಯ ಸಲ ಉತ್ತೀರ್ಣಳಾಗಿ ತನ್ನದೇ ಸಂಖ್ಯೆ ಪಡೆದಳು. ಮಗನು ಸಂಸ್ಥೆಯವರಿಗೆ ವಿನಯದಿಂದಲೇ ಇಲ್ಲವೆಂದು ಬರೆದ. ಆಮೇಲೆ ಅವನೂ, ಹರಪನಹಳ್ಳಿಯ ಒಬ್ಬರು, ಕೊಟ್ಟೂರಿನ ಒಬ್ಬರು ವಿತರಕ ಮಿತ್ರರೂ ಕೂಡಿ ಹರಪನಹಳ್ಳಿಯಲ್ಲಿ ಒಂದು ಕೊಠಡಿಯನ್ನು ಬಾಡಿಗೆಗೆ ಹಿಡಿದರು. ಗಣಕಯಂತ್ರ ಒಂದು, ಅದನ್ನು ನಿರ್ವಹಿಸುವ ಹುಡುಗಿ ಒಬ್ಬಳು. ಖರ್ಚು ಮೂರು ಪಾಲು. ಅರ್ಜಿಯ ಮೊದಲ ಚೌಕದಲ್ಲಿ ಅವರವರ ಸಂಖ್ಯೆ. ಒಬ್ಬರಿಗೆ ಕಾಯಿಲೆಯಾದರೆ ಅವರ ಕಡೆಯ ಮನೆಗಳಿಗೆ ಕಂತು ನೆನಪಿಸುವುದು ಉಳಿದಿಬ್ಬರ ಕರ್ತವ್ಯವೆಂದು ಬರವಣಿಗೆಯಲ್ಲಿಯೇ ಒಪ್ಪಿಕೊಂಡಿದ್ದಾರೆ.

ಕೂಡಿ ಬಾಳುವ ಈ ಬಗೆ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದರು. ಸಂಘಕ್ಕೆ ಸೇರಿದ ರೈತನು ತನ್ನ ಹೊಲವನ್ನು ಸಂಘಕ್ಕೆ ಬರೆದುಕೊಡಲಿಲ್ಲ. ಹೊಲ ಅವನದೇ, ಬಲ ಎಲ್ಲರದು. ಆಳಾಗಿ ಸೇರುವುದಕ್ಕೂ ಸದಸ್ಯನಾಗಿ ಸೇರುವುದಕ್ಕೂ ಇರುವ ಅಂತರವಿದು.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲರೂ ನಮ್ಮ ದಾರಿಯನ್ನೇ ಹಿಡಿಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಇದರ ಕಷ್ಟವನ್ನೂ ಮುಚ್ಚಿಡಲಾರೆವು. ಈ ವರ್ಷ ಮನೆಯ ಆದಾಯ ಕಡಿಮೆಯಾಗಿದೆ. ಕೊಠಡಿಯ ಬಾಡಿಗೆ, ಹುಡುಗಿಯ ಸಂಬಳ ತಪ್ಪದೆ ಕೊಡಬೇಕು. ಹೊಸ ನಿಯಮ ಬಂದಾಗ ತಾವೇ ಓದಿ ತಿಳಿಯಬೇಕು. ಮೂವರ ನಡುವೆ ಸಣ್ಣಪುಟ್ಟ ಮನಸ್ತಾಪಗಳೂ ಬಂದಿವೆ. ಕೈಯಲ್ಲಿ ಇನ್ನೂ ಹತ್ತು ಮನೆಗಳಿಲ್ಲದ ಹೊಸ ಹುಡುಗನಿಗೆ ಒಳ್ಳೆಯ ಸಂಸ್ಥೆಯ ಆಶ್ರಯ ಪಾಠಶಾಲೆಯಿದ್ದಂತೆ. ಅವನು ಸೇರುವುದೇ ಲೇಸು. ಮುಂದೆ ನೋಡಿಕೊಳ್ಳುವವರಿಲ್ಲದ ವಯೋವೃದ್ಧ ಏಜೆಂಟರು ತಮ್ಮ ಜನರನ್ನು ನಂಬಿಗಸ್ತ ಸಂಸ್ಥೆಯ ಕೈಗೊಪ್ಪಿಸುವುದೂ ಧರ್ಮವೇ. ಆದರೆ ಯಾರೇ ಸೇರಲಿ, ಸೇರುವ ದಿನವೇ ಬಿಡುವ ದಿನದ ಕಲಮನ್ನು ಓದಲಿ; ಸೇರಿದ ಮೇಲೆ ಆ ಸಂಗತಿಯನ್ನು ತಮ್ಮನ್ನು ನಂಬಿದ ಮನೆಗಳಿಗೆ ಹೋಗಿ ಬಾಯಿಬಿಟ್ಟು ಹೇಳಲಿ. ನಮ್ಮೂರ ಕಲ್ಲೇಶ್ವರ ಗುಡಿಯ ಶಾಸನಗಳಲ್ಲಿ ಸಾವಿರ ವರ್ಷಗಳ ಹಿಂದೆ ಯಾರು ಯಾರಿಗೆ ಏನನ್ನು ಕೊಟ್ಟರು ಎಂಬುದನ್ನು ಕಲ್ಲಿನಲ್ಲಿ ಕೊರೆದು, ಎಲ್ಲರೂ ಓಡಾಡುವ ಕಡೆ ನಿಲ್ಲಿಸಿದ್ದಾರೆ. ಹಣದ ವ್ಯವಹಾರ ನಾಲ್ಕು ಜನಕ್ಕೆ ಕಾಣುವಂತಿರಬೇಕೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು.

ಕೊನೆಯದಾಗಿ, ಹಣ ಕೂಡಿಡುವ ಮನೆಗಳ ತಾಯಂದಿರಿಗೂ ಯಜಮಾನರಿಗೂ ಒಂದು ವಿನಂತಿ. ನಿಮಗೆ ಹಣದ ದಾರಿ ಹೇಳುವವರು ಯಾರು, ಅವರಿಗೆ ಸಂಭಾವನೆ ಕೊಡುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಿರಿ. ಗ್ರಾಹಕನಿಂದಲೇ ಶುಲ್ಕ ಪಡೆಯುವವರು ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು. ಫಂಡಿನಿಂದ ಕಮಿಷನ್ ಪಡೆಯುವವರು ವಿತರಕರು. ಕೇವಲ ವಿತರಕರಾದವರು ತಮ್ಮನ್ನು ಸ್ವತಂತ್ರ ಹಣಕಾಸು ಸಲಹೆಗಾರರೆಂದು ಕರೆದುಕೊಳ್ಳಕೂಡದೆಂದು ಸೆಬಿಯು 2020ರಲ್ಲಿ ನಿಯಮ ಮಾಡಿದೆ. ಇಬ್ಬರೂ ಬೇಕಾದವರೇ, ಆದರೆ ಯಾರು ಯಾರೆಂಬುದು ನಿಮಗೆ ತಿಳಿದಿರಲಿ. ಈ ಲೇಖನವನ್ನು ಓದಿದ ಸಂಜೆಯೇ ಅಲಮಾರಿಯಲ್ಲಿಟ್ಟ ಕಾಗದಗಳನ್ನು ಮನೆಮಂದಿಯ ಮುಂದೆ ತೆಗೆದು ನೋಡಿರಿ: ನಾಮನಿರ್ದೇಶನದಲ್ಲಿ ಯಾರ ಹೆಸರಿದೆ, ಮುಂದಿನ ಕಂತು ಎಂದು, ವಿತರಕರ ಚೌಕದಲ್ಲಿ ಯಾರ ಸಂಖ್ಯೆ ಇದೆ. ಆ ಸಂಖ್ಯೆಯ ಹಿಂದಿರುವ ಮನುಷ್ಯನ ಮನೆಯ ದಾರಿ ನಿಮ್ಮ ಮನೆಯವರೆಲ್ಲರಿಗೂ ಗೊತ್ತಿರಲಿ.